ನಿಪ್ಪಾಣಿಯ ನೆಲ ಬೇಕು, ನಿಪ್ಪಾಣಿಯ ನೆನಪು ಬೇಡವೇ?

‘ಮಹಾಜನ ವರದಿಯೇ ಅಂತಿಮ.’ ನವೆಂಬರ್ ತಿಂಗಳು ಬಂದಾಗ, ಬೆಳಗಾವಿಯಲ್ಲಿ ಅಧಿವೇಶನ ಸೇರಿದಾಗ, ಗಡಿಯಾಚೆಯ ಯಾರೋ ಮಂತ್ರಿ ಒಂದು ಮಾತು ಆಡಿದಾಗ ನಾವು ತಪ್ಪದೆ ಕೇಳುವ ವಾಕ್ಯ ಇದು. ಪಕ್ಷ ಯಾವುದೇ ಇರಲಿ, ನಮ್ಮ ಮುಖ್ಯಮಂತ್ರಿಗಳು ಹೇಳುತ್ತ ಬಂದಿರುವುದು ಇದನ್ನೇ. ಸಂಘಟನೆಗಳ ಬ್ಯಾನರಿನ ಮೇಲೆ ಇರುವುದೂ ಇದೇ. ಕೇಳಿ ಕೇಳಿ ಅದು ಮಂತ್ರದ ಹಾಗೆ ಆಗಿಬಿಟ್ಟಿದೆ. ಮಂತ್ರವನ್ನು ಪಠಿಸುವವರು ಬಹಳ, ಅರ್ಥ ಕೇಳುವವರು ಕಡಿಮೆ.

ಅರ್ಥ ಕೇಳಿ ನೋಡೋಣ. ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವನ್ನು ಕೇಂದ್ರ ಸರ್ಕಾರ ನೇಮಿಸಿದ್ದು 1966ರಲ್ಲಿ. ವರದಿ ಬಂದದ್ದು 1967ರಲ್ಲಿ. ಬೆಳಗಾವಿ ನಗರ ಕರ್ನಾಟಕದಲ್ಲೇ ಉಳಿಯಬೇಕು ಎಂದು ಅದು ಹೇಳಿತು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 240ಕ್ಕೂ ಹೆಚ್ಚು ಹಳ್ಳಿಗಳು ನಮಗೆ ಬರಬೇಕು ಎಂದಿತು. ಕಾಸರಗೋಡಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ನಮ್ಮದಾಗಬೇಕು ಎಂದಿತು. ಇಷ್ಟನ್ನು ನಾವು ಚೆನ್ನಾಗಿ ಬಾಯಿಪಾಠ ಮಾಡಿದ್ದೇವೆ. ಅದೇ ವರದಿಯ ಇನ್ನೊಂದು ಸಾಲನ್ನು ಮಾತ್ರ ನುಂಗಿಬಿಡುತ್ತೇವೆ: 260ಕ್ಕೂ ಹೆಚ್ಚು ಊರುಗಳನ್ನು ಕರ್ನಾಟಕ ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕು. ಆ ಪಟ್ಟಿಯಲ್ಲಿ ಖಾನಾಪುರ ಇದೆ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಇದೆ. ನಿಪ್ಪಾಣಿ ಇದೆ.

‘ನಿಪ್ಪಾಣಿ ನಮ್ಮದು’ ಎಂದೂ ಕೂಗುತ್ತೇವೆ, ‘ಮಹಾಜನ ವರದಿಯೇ ಅಂತಿಮ’ ಎಂದೂ ಕೂಗುತ್ತೇವೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಇದನ್ನು ಯಾರಾದರೂ ಎತ್ತಿ ಹೇಳಿದರೆ ಬರುವ ಉತ್ತರ ಗೊತ್ತಿದ್ದದ್ದೇ: ಬೆಳಗಾವಿ ಉಳಿಯಿತಲ್ಲ, ಅಷ್ಟು ಸಾಕು. ಅಂದರೆ ಬೆಳಗಾವಿ ನೋಟು, ನಿಪ್ಪಾಣಿ ಚಿಲ್ಲರೆ. ಲೆಕ್ಕ ಹೊಂದಿಸಲು ಬೇಕಾದಾಗ ಕಿಸೆಯಿಂದ ತೆಗೆದು ಎಣಿಸುವ ಕಾಸು.

ನನ್ನ ತಕರಾರು ಗಡಿ ಎಲ್ಲಿರಬೇಕು ಎಂಬುದರ ಬಗ್ಗೆ ಅಲ್ಲ. 2004ರಿಂದ ಅದು ಸುಪ್ರೀಂ ಕೋರ್ಟಿನಲ್ಲಿದೆ, ಅಲ್ಲೇ ಇರಲಿ. ಆ ಊರು 1956ರಿಂದ ನಮ್ಮ ರಾಜ್ಯದಲ್ಲಿದೆ. ಹತ್ತಿರ ಹತ್ತಿರ ಏಳು ದಶಕ. ಇಷ್ಟು ಕಾಲದಲ್ಲಿ ನಾವು ಅದರ ನೆಲವನ್ನು ನಮ್ಮದು ಎಂದೆವು, ಅದರ ಚರಿತ್ರೆಯನ್ನು ನಮ್ಮದು ಎನ್ನಲಿಲ್ಲ. ಅಲ್ಲಿ ಹರಿದ ರಕ್ತ, ಅಲ್ಲಿ ನಡೆದ ಹೋರಾಟ, ಅಲ್ಲಿ ಬರೆದ ಪುಸ್ತಕ ಯಾವುದೂ ಕನ್ನಡದ ನೆನಪಿನೊಳಗೆ ಬರಲಿಲ್ಲ. ನೆನಪಿನಲ್ಲಿ ಜಾಗ ಕೊಡದೆ ನಕ್ಷೆಯಲ್ಲಿ ಜಾಗ ಕೇಳುವುದು ಜಮೀನ್ದಾರನ ಪ್ರೀತಿ.

ಊರಿನ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕರ್ನಾಟಕ ಮುಗಿಯುವ ಕಡೆ ಸಿಗುವ ಕೊನೆಯ ದೊಡ್ಡ ಊರು ನಿಪ್ಪಾಣಿ. ಬೆಳಗಾವಿಗೆ ಸುಮಾರು 75 ಕಿಲೋಮೀಟರ್, ಕೊಲ್ಹಾಪುರಕ್ಕೆ ಸುಮಾರು 40. ರೈಲು ಇಲ್ಲ. 2011ರ ಜನಗಣತಿಯ ಪ್ರಕಾರ 62 ಸಾವಿರಕ್ಕೂ ಹೆಚ್ಚು ಜನ. ಊರೊಳಗಿನ ಮಾತು ಹೆಚ್ಚಾಗಿ ಮರಾಠಿ. ಚಿಕ್ಕೋಡಿ, ಸದಲಗಾ ಕಡೆ ಸರಿದಂತೆ ಕನ್ನಡ ಗಟ್ಟಿಯಾಗುತ್ತದೆ. ಸಂತೆಯ ದಿನ ಎರಡೂ ಭಾಷೆ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಪೇಶ್ವೆಯ ಕಾಲದಲ್ಲಿ ಸಿದ್ದೋಜಿರಾವ್ ನಾಯಕ ನಿಂಬಾಳಕರ ಎಂಬ ದೇಸಾಯಿ ಇಲ್ಲಿಂದ ಆಳಿದ. ಅವನು ಸತ್ತ ಮೇಲೆ ಬ್ರಿಟಿಷರು ಸಂಸ್ಥಾನವನ್ನು ನುಂಗಿದರು. ಆಮೇಲೆ ಊರನ್ನು ಬೆಳೆಸಿದ್ದು ತಂಬಾಕು. ಬೀಡಿಯ ತಂಬಾಕು ಎಂದರೆ ನಿಪ್ಪಾಣಿ ಎನ್ನುವಷ್ಟು ಹೆಸರಾಯಿತು. ಸುತ್ತಲಿನ ಹೊಲದಲ್ಲಿ ತಂಬಾಕು, ಊರೊಳಗೆ ತಂಬಾಕಿನ ವಖಾರಿ, ಓಣಿಯ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು. ಚಿಕ್ಕೋಡಿ ತಾಲೂಕಿನಲ್ಲಿದ್ದ ಈ ಊರು ತಾನೇ ತಾಲೂಕಾದದ್ದು ಕಾಗವಾಡದ ಜೊತೆಗೆ, 2018ರ ಹೊತ್ತಿಗೆ.

ಇಂಥ ಊರಿಗೆ ಚರಿತ್ರೆ ಏನಿರುತ್ತದೆ ಎನ್ನುವವರಿಗೆ ಮೂರು ಇಸವಿ ಹೇಳುತ್ತೇನೆ: 1925, 1981, 1982.

1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿತು. ಅಧ್ಯಕ್ಷತೆ ವಹಿಸಿದ್ದು ಡಾ. ಅಂಬೇಡ್ಕರ್. ಅವರು ಲಂಡನ್ನಿನಿಂದ ಓದು ಮುಗಿಸಿ ಬಂದು ಎರಡು ವರ್ಷವಾಗಿತ್ತು. ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿ ಒಂದು ವರ್ಷವೂ ಪೂರ್ತಿಯಾಗಿರಲಿಲ್ಲ. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ ಇನ್ನೂ ಎರಡು ವರ್ಷ ಬಾಕಿ ಇತ್ತು. ಅಂದರೆ ದೇಶಕ್ಕೆ ಅಂಬೇಡ್ಕರ್ ಇನ್ನೂ ಗೊತ್ತಾಗದ ಕಾಲದಲ್ಲಿ ನಿಪ್ಪಾಣಿಯ ಜನರಿಗೆ ಅವರು ಗೊತ್ತಿದ್ದರು. ಇದು ಆಕಸ್ಮಿಕವೇನೂ ಅಲ್ಲ. ಹೆದ್ದಾರಿಯಲ್ಲಿ ಮುಂದೆ ಸಿಗುವ ಕಾಗಲ್ ಶಾಹು ಮಹಾರಾಜರು ಹುಟ್ಟಿದ ಮನೆತನದ ಊರು. ಅದೇ ಸೀಮೆಯ ಮಾಣಗಾವದಲ್ಲಿ 1920ರಲ್ಲೇ ಶಾಹು, ಅಂಬೇಡ್ಕರ್ ಇಬ್ಬರೂ ಒಂದೇ ವೇದಿಕೆಯಲ್ಲಿ ಕೂತಿದ್ದರು. ಆ ಗಾಳಿ ನಿಪ್ಪಾಣಿಗೂ ಬೀಸಿತ್ತು.

2025ರಲ್ಲಿ ಈ ಪರಿಷತ್ತಿಗೆ ನೂರು ವರ್ಷ ತುಂಬಿದಾಗ ರಥಯಾತ್ರೆ, ಸಮಾವೇಶ, ಭಾಷಣ ಎಲ್ಲ ನಡೆದವು. ಸಂತೋಷ. ಆದರೆ ರಥ ಬಂದಾಗ ಮಾತ್ರ ನೆನಪಾಗುವ ಊರನ್ನು ನಾವು ನಮ್ಮ ಊರು ಎನ್ನುವುದು ಹೇಗೆ? ದಲಿತ ಚಳವಳಿಯ ಚರಿತ್ರೆಯನ್ನು ಕನ್ನಡದಲ್ಲಿ ಹೇಳುವಾಗ ನಾವು ಸಾಮಾನ್ಯವಾಗಿ ಹಳೆ ಮೈಸೂರಿನಿಂದ ಶುರುಮಾಡುತ್ತೇವೆ. ನಿಪ್ಪಾಣಿಯಿಂದ ಶುರುಮಾಡಿದರೆ ಆ ಕಥೆಯ ಬಣ್ಣವೇ ಬೇರೆಯಾಗುತ್ತಿತ್ತು.

ಇನ್ನು 1981. ಇದು ನನ್ನ ಮಟ್ಟಿಗೆ ಅತಿ ದೊಡ್ಡ ಸಾಲ.

1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಮಲಪ್ರಭೆಯ ನೀರಿನ ಕರ, ಸುಧಾರಣಾ ತೆರಿಗೆಗಳ ವಿರುದ್ಧ ಎದ್ದ ರೈತರ ಮೇಲೆ ಸರ್ಕಾರ ಗುಂಡು ಹಾರಿಸಿತು. ಈರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂಡಿ ಎಂಬ ಹೆಸರುಗಳನ್ನು ಇವತ್ತಿಗೂ ಪ್ರತಿ ಜುಲೈ 21ರಂದು ಓದುತ್ತಾರೆ. ವೀರಗಲ್ಲಿಗೆ ಮಾಲೆ ಹಾಕುತ್ತಾರೆ. ಆ ಕಿಡಿಯಿಂದ ರಾಜ್ಯ ರೈತ ಸಂಘ ಹುಟ್ಟಿತು, ರುದ್ರಪ್ಪ, ಸುಂದರೇಶ್, ನಂಜುಂಡಸ್ವಾಮಿ ಬಂದರು, 1983ರಲ್ಲಿ ಗುಂಡೂರಾಯರ ಸರ್ಕಾರ ಹೋಯಿತು. ಶಾಲೆ ಬಿಟ್ಟ ಹುಡುಗನಿಗೂ ಈ ಕಥೆಯ ತುಣುಕು ಗೊತ್ತು. ಗೊತ್ತಿರಬೇಕಾದದ್ದೇ.

ನರಗುಂದ ಆಗಿ ಒಂಬತ್ತು ತಿಂಗಳು ತುಂಬುವ ಮೊದಲೇ, ಅದೇ ಗುಂಡೂರಾಯರ ಸರ್ಕಾರ, ಅದೇ ಕರ್ನಾಟಕದ ಪೊಲೀಸು ಇನ್ನೊಂದು ಊರಿನಲ್ಲಿ ರೈತರ ಮೇಲೆ ಗುಂಡು ಹಾರಿಸಿತು. ಅದು ನಿಪ್ಪಾಣಿ. ದಿನ 1981ರ ಏಪ್ರಿಲ್ 6. ತಂಬಾಕಿಗೆ ನ್ಯಾಯವಾದ ಬೆಲೆ ಕೊಡಿ ಎಂದು ಶರದ್ ಜೋಶಿಯವರ ಶೇತಕರಿ ಸಂಘಟನೆಯ ನೇತೃತ್ವದಲ್ಲಿ ಸಾವಿರಾರು ರೈತರು ಮಾರ್ಚ್ ತಿಂಗಳಿಂದ ಹೆದ್ದಾರಿಯ ಮೇಲೇ ಕೂತಿದ್ದರು. ಗಂಡಸರು, ಹೆಂಗಸರು, ಎತ್ತಿನ ಗಾಡಿಗಳು. ಪುಣೆ–ಬೆಂಗಳೂರು ರಸ್ತೆ ವಾರಗಟ್ಟಲೆ ಬಂದಾಗಿತ್ತು. ಕೊನೆಗೆ ಬಂದದ್ದು ಗುಂಡು. ಸತ್ತ ರೈತರ ಸಂಖ್ಯೆ ಹತ್ತನ್ನು ಮೀರಿತು.

ಸ್ವಾತಂತ್ರ್ಯ ಬಂದ ಮೇಲೆ ಕರ್ನಾಟಕದ ನೆಲದಲ್ಲಿ ರೈತರ ಮೇಲೆ ನಡೆದ ಗೋಲಿಬಾರ್‌ಗಳಲ್ಲಿ ಇಷ್ಟು ಜನರನ್ನು ಒಂದೇ ದಿನ ಬಲಿ ತೆಗೆದುಕೊಂಡದ್ದು ಎಷ್ಟಿದ್ದಾವು? ಆದರೂ ನಮ್ಮ ರೈತ ಚಳವಳಿಯ ಕಥೆ ನರಗುಂದದಲ್ಲಿ ಹತ್ತಿ ಶಿವಮೊಗ್ಗದಲ್ಲಿ ಇಳಿಯುತ್ತದೆ. ನಿಪ್ಪಾಣಿಯಲ್ಲಿ ಆ ಬಸ್ಸು ನಿಲ್ಲುವುದಿಲ್ಲ. ಯಾಕೆ? ಸತ್ತವರ ಮನೆಮಾತು ಮರಾಠಿ ಎಂದೇ? ಮುಂದಾಳು ಪುಣೆಯ ಕಡೆಯವರು ಎಂದೇ? ಸತ್ತವರು ಕರ್ನಾಟಕದ ಪಹಣಿಯಲ್ಲಿ ಹೆಸರಿದ್ದ, ಕರ್ನಾಟಕಕ್ಕೆ ಕಂದಾಯ ಕಟ್ಟುತ್ತಿದ್ದ ಸೀಮೆಯ ರೈತರು. ಗುಂಡು ಹಾರಿಸಲು ಅವರು ನಮ್ಮವರಾದರು, ಅಳಲು ಪರರಾದರು.

ಗಡಿಯಾಚೆಯವರು ಮಾಡಿದ್ದೇನೂ ಇದಕ್ಕಿಂತ ಚೆಂದವಿಲ್ಲ. ಮರಾಠಿಯ ರೈತ ಚಳವಳಿ ಈ ಬಲಿಯನ್ನು ನೆನಪಿಟ್ಟುಕೊಂಡಿದೆ, ನಿಜ. ಆದರೆ ಅಲ್ಲಿನ ಗಡಿ ರಾಜಕಾರಣಕ್ಕೆ ನಿಪ್ಪಾಣಿ ಎಂದರೆ ಕನ್ನಡಿಗರ ಅನ್ಯಾಯಕ್ಕೆ ಒಂದು ಸಾಕ್ಷಿ, ಅಷ್ಟೆ. ತಂಬಾಕಿಗೆ ಬೆಲೆ ಕೇಳಿದವನು ಭಾಷೆಯ ಹುತಾತ್ಮನಲ್ಲ. ಅವನ ಎದುರಾಳಿ ಕನ್ನಡವಾಗಿರಲಿಲ್ಲ. ತೂಕದಲ್ಲಿ, ದರದಲ್ಲಿ, ಉದ್ರಿಯಲ್ಲಿ ಅವನನ್ನು ಹಿಂಡುತ್ತಿದ್ದ ವ್ಯಾಪಾರ ಅವನ ಎದುರಾಳಿ. ಆ ವ್ಯಾಪಾರದ ಬೆನ್ನಿಗೆ ನಿಂತ ಸರ್ಕಾರ ಅವನ ಎದುರಾಳಿ.

ಆ ವ್ಯಾಪಾರದ ಕಥೆ ಇವತ್ತಿಗೂ ಪೂರ್ತಿ ಮುಗಿದಿಲ್ಲ. 1975ರ ಕಾಯ್ದೆಯಿಂದ ಬಂದ ತಂಬಾಕು ಮಂಡಳಿ ನೋಡಿಕೊಳ್ಳುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕನ್ನು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರನಿಗೆ ಮಂಡಳಿ ಇದೆ, ಹರಾಜು ಕಟ್ಟೆ ಇದೆ, ದರ ಬಿದ್ದರೆ ಘೇರಾವ್ ಮಾಡಲು ಒಂದು ಕಚೇರಿಯಾದರೂ ಇದೆ. ಬಡವರು ಸೇದುವ ಬೀಡಿಗೆ ತಂಬಾಕು ಬೆಳೆದ ನಿಪ್ಪಾಣಿಯ ರೈತ ಆ ಮಂಡಳಿಯ ಬಾಗಿಲಿನ ಹೊರಗೇ ಉಳಿದ. ಎಷ್ಟೋ ಜನ ಬೇಸತ್ತು ಕಬ್ಬಿಗೆ, ಸೋಯಾಬೀನಿಗೆ ತಿರುಗಿದರು. ಗಡಿಯ ಬಗ್ಗೆ ಗಂಟಲು ಹರಿಯುವಂತೆ ಕೂಗುವ ಎರಡೂ ಕಡೆಯ ನಾಯಕರಲ್ಲಿ ಈ ಮಾತನ್ನು ಗಂಟಲು ಏರಿಸಿ ಕೇಳಿದವರನ್ನು ಹುಡುಕಿ ನೋಡಿ.

ಮೂರನೆಯದು 1982. ಹೊಲದಲ್ಲಿ ರೈತನಿದ್ದರೆ ವಖಾರಿಯಲ್ಲಿ ಹೆಂಗಸರಿದ್ದರು. ತಂಬಾಕು ಕುಟ್ಟಿ, ಜರಡಿ ಹಿಡಿದು, ದಿನವಿಡೀ ಘಾಟು ಧೂಳಿನಲ್ಲಿ ದುಡಿಯುತ್ತಿದ್ದವರು. ಮಾಲೀಕನ ಬೈಗುಳ, ಮೈಮೇಲೆ ಕೈ, ಮನಸ್ಸಿಗೆ ಬಂದಷ್ಟು ಕೂಲಿ. ಪ್ರಾಧ್ಯಾಪಕ ಸುಭಾಷ್ ಜೋಶಿಯವರಂಥವರ ಜೊತೆ ಸೇರಿ ಈ ಹೆಂಗಸರು 1980ರ ಸುಮಾರಿಗೆ ಸಂಘ ಕಟ್ಟಿದರು. ಅಕ್ಷರ ಬಾರದ ಸಾವಿರಾರು ಹೆಂಗಸರು ಒಂದು ದಿನ ಕೆಲಸ ನಿಲ್ಲಿಸಿ ವಖಾರಿಯ ಬಾಗಿಲಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ಆ ಊರು ನೋಡಿತು.

ಯುಗಾಂತರ್ ಎಂಬ ತಂಡದ ದೀಪಾ ಧನರಾಜ್ ಮತ್ತು ಗೆಳತಿಯರು ಅಲ್ಲಿಗೆ ಹೋಗಿ, ಆ ಹೆಂಗಸರ ಜೊತೆ ಕೂತು ಒಂದು ಸಾಕ್ಷ್ಯಚಿತ್ರ ಮಾಡಿದರು. ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂದು ಹೆಸರು. 1982ರದ್ದು, ಮರಾಠಿಯಲ್ಲಿದೆ. ಭಾರತದ ಸ್ತ್ರೀವಾದಿ ಸಾಕ್ಷ್ಯಚಿತ್ರಗಳ ಚರಿತ್ರೆ ಹೇಳುವವರು ಮೊದಲಿಗೆ ಹೆಸರಿಸುವ ಚಿತ್ರಗಳಲ್ಲಿ ಅದೂ ಒಂದು. ಹಳೆಯ ರೀಲುಗಳನ್ನು ಬರ್ಲಿನ್ನಿನ ಸಂಸ್ಥೆಯೊಂದು ಸರಿಪಡಿಸಿ ಉಳಿಸಿದೆ, ಅಲ್ಲಿ ತೋರಿಸಿಯೂ ಇದೆ. ನಿಪ್ಪಾಣಿಯ ಬೀಡಿ ತಂಬಾಕಿನ ಹೆಂಗಸರ ಮುಖಗಳನ್ನು ಬರ್ಲಿನ್ನಿನ ಪ್ರೇಕ್ಷಕರು ನೋಡಿದ್ದಾರೆ. ಧಾರವಾಡದ, ಮೈಸೂರಿನ, ಕಲಬುರ್ಗಿಯ ಎಷ್ಟು ಕಾಲೇಜುಗಳಲ್ಲಿ ಅದನ್ನು ತೋರಿಸಿದ್ದಾರೆ? ಮಂಗಳೂರು ಕಡೆಯ ಬೀಡಿ ಕಾರ್ಮಿಕರ ಬದುಕಿನ ಬಗ್ಗೆ ಕನ್ನಡದಲ್ಲಿ ಕಥೆ ಇದೆ, ಕಾದಂಬರಿ ಇದೆ, ಅಧ್ಯಯನ ಇದೆ. ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ ಅದೇ ಎಲೆ, ಅದೇ ದಾರ, ಅದೇ ಕೆಮ್ಮು. ಆ ಕೆಮ್ಮು ಮರಾಠಿಯಲ್ಲಿ ಕೇಳಿಸಿತು ಎಂಬ ಕಾರಣಕ್ಕೆ ನಮಗೆ ಕೇಳಿಸಲಿಲ್ಲ.

ಸಾಹಿತ್ಯದ ಪತ್ರಿಕೆಯಲ್ಲಿ ಇದನ್ನು ಬರೆಯುತ್ತಿರುವುದರಿಂದ ಸಾಹಿತ್ಯದ ಮಾತನ್ನೂ ಕೇಳಬೇಕು. ಮಹಾದೇವ ಮೋರೆ ಎಂಬ ಹೆಸರು ಎಷ್ಟು ಕನ್ನಡ ಓದುಗರಿಗೆ ಗೊತ್ತು? ಟ್ಯಾಕ್ಸಿ ಓಡಿಸಿ, ಗ್ಯಾರೇಜಿನಲ್ಲಿ ದುಡಿದು, ಆಮೇಲೆ ನಿಪ್ಪಾಣಿಯಲ್ಲೇ ಹಿಟ್ಟಿನ ಗಿರಣಿ ನಡೆಸಿಕೊಂಡು ಕಥೆ, ಕಾದಂಬರಿ ಬರೆದ ಮನುಷ್ಯ. ಡ್ರೈವರು, ಹಮಾಲ, ತಂಬಾಕಿನ ಕೂಲಿ, ಬೀಡಿ ಕಟ್ಟುವವಳು ಇವರೇ ಅವರ ಪಾತ್ರಗಳು. ಮರಾಠಿಯ ಗ್ರಾಮೀಣ ಸಾಹಿತ್ಯದಲ್ಲಿ ದೊಡ್ಡ ಹೆಸರು. 2024ರಲ್ಲಿ ತೀರಿಕೊಂಡರು. ಬದುಕಿನ ಬಹುಪಾಲನ್ನು ಕರ್ನಾಟಕದ ಮತದಾರನಾಗಿ, ಕರ್ನಾಟಕದ ಒಂದು ಊರಿನ ಜನರ ಬಗ್ಗೆಯೇ ಬರೆದ ಲೇಖಕ ಇವರು. ಕರ್ನಾಟಕದ ಲೇಖಕರ ಪಟ್ಟಿ ಮಾಡುವಾಗ ನಮಗೆ ಇವರ ನೆನಪು ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆದು ಬೆಂಗಳೂರಿನಲ್ಲಿದ್ದರೆ ನಮ್ಮವರು, ಮರಾಠಿಯಲ್ಲಿ ಬರೆದು ನಿಪ್ಪಾಣಿಯಲ್ಲಿದ್ದರೆ ಅವರವರು. ಇದು ಯಾವ ಲೆಕ್ಕ?

ಶಂಬಾ ಜೋಶಿಯವರ ‘ಕಣ್ಮರೆಯಾದ ಕನ್ನಡ’ದ ಕಾಲದಿಂದ ನಾವು ಗೋದಾವರಿಯವರೆಗೆ ಕನ್ನಡ ಹಬ್ಬಿತ್ತು ಎಂದು ಎದೆ ತಟ್ಟಿಕೊಳ್ಳುತ್ತ ಬಂದಿದ್ದೇವೆ. ಬೇಂದ್ರೆಯವರ ಮನೆಮಾತು ಮರಾಠಿ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಸಾವಿರ ವರ್ಷದ ಹಿಂದಿನ ಮಹಾರಾಷ್ಟ್ರದಲ್ಲಿ ಕನ್ನಡ ಹುಡುಕುವ ಶ್ರದ್ಧೆಯ ಕಾಲುಭಾಗವನ್ನು ಇವತ್ತಿನ ಕರ್ನಾಟಕದ ಮರಾಠಿಗೆ ಕೊಟ್ಟಿದ್ದರೆ ಸಾಕಿತ್ತು.

ಇಲ್ಲಿಗೆ ಒಂದು ಆಕ್ಷೇಪ ಬಂದೇ ಬರುತ್ತದೆ: ಅವರು ಕನ್ನಡ ಕಲಿಯುವುದಿಲ್ಲ, ನವೆಂಬರ್ ಒಂದರಂದು ಕರಾಳ ದಿನ ಮಾಡುತ್ತಾರೆ, ನಗರಸಭೆ ಕಟ್ಟಡದ ಮೇಲೆ ಯಾವ ಧ್ವಜ ಎಂದು ಜಗಳ ತೆಗೆಯುತ್ತಾರೆ, ಅಂಥವರನ್ನು ನಾವು ಯಾಕೆ ತಲೆಯ ಮೇಲೆ ಹೊತ್ತುಕೊಳ್ಳಬೇಕು? ಆಕ್ಷೇಪದಲ್ಲಿ ಹುರುಳಿದೆ. ಒಂದು ರಾಜ್ಯದಲ್ಲಿ ಬದುಕುವವರು ಆ ರಾಜ್ಯದ ಭಾಷೆ ಕಲಿಯಬೇಕು, ಅವರ ಮಕ್ಕಳ ಹಿತಕ್ಕಾದರೂ ಕಲಿಯಬೇಕು. ಏಕೀಕರಣ ಸಮಿತಿಯ ನಾಯಕರು ಎರಡು ತಲೆಮಾರಿನ ಹುಡುಗರಿಗೆ ‘ನಾಳೆ ಮಹಾರಾಷ್ಟ್ರ ಆಗುತ್ತದೆ, ಕನ್ನಡ ಯಾಕೆ’ ಎಂದು ಹೇಳಿ ಅವರ ನೌಕರಿಗೆ ಕಲ್ಲು ಹಾಕಿದರು. ಇದನ್ನು ಮುಚ್ಚಿಡಬೇಕಿಲ್ಲ.

ಆದರೆ ಧ್ವಜ ಹಿಡಿದ ನೂರು ಜನರೇ ಊರು ಎಂದು ನಾವು ತಿಳಿದದ್ದು ನಮ್ಮ ಸೋಮಾರಿತನ. ಊರು ನಡೆಯುವ ರೀತಿ ಬೇರೆ. ನಿಪ್ಪಾಣಿಯ ಹುಡುಗರು ಓದುವ ದೇವಚಂದ ಕಾಲೇಜು ಊರಿಗೆ ಅಂಟಿಕೊಂಡ ಅರ್ಜುನನಗರದಲ್ಲಿದೆ. ಅದು ಮಹಾರಾಷ್ಟ್ರದ ಕಾಗಲ್ ತಾಲೂಕು, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. ಊರೊಳಗೆ ಕೆಎಲ್ಇ ಸಂಸ್ಥೆಯ ಬಾಗೇವಾಡಿ ಕಾಲೇಜು, ಅದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಅಣ್ಣ ಒಂದು ರಾಜ್ಯದ ಪದವಿ, ತಂಗಿ ಇನ್ನೊಂದು ರಾಜ್ಯದ ಪದವಿ ತಂದುಕೊಂಡು ಒಂದೇ ಅಡುಗೆಮನೆಯಲ್ಲಿ ಉಣ್ಣುವ ಊರು ಇದು. ಆಸ್ಪತ್ರೆಗೆ ಕೊಲ್ಹಾಪುರ, ಉತಾರಕ್ಕೆ ತಹಶೀಲ್ದಾರ ಕಚೇರಿ, ಬೀಗರು ಎರಡೂ ಕಡೆ. ಊರ ಪಕ್ಕದ ಸ್ತವನಿಧಿಯಲ್ಲಿ 1899ರಲ್ಲೇ ದಕ್ಷಿಣ ಭಾರತ ಜೈನ ಸಭೆ ಹುಟ್ಟಿತು. ಕನ್ನಡ ಮಾತಾಡುವ ಜೈನರು, ಮರಾಠಿ ಮಾತಾಡುವ ಜೈನರು ಒಂದೇ ಸಭೆಯಲ್ಲಿ ಕೂತು ಮಕ್ಕಳ ಶಿಕ್ಷಣಕ್ಕೆ ಹಣ ಕೂಡಿಸಿದರು. ಭಾಷೆಗೊಂದು ಸಭೆ ಬೇಕು ಎಂದು ಅವರಿಗೆ ಅನಿಸಲಿಲ್ಲ. 2019ರಲ್ಲಿ, 2021ರಲ್ಲಿ ಯಮಗರ್ಣಿಯ ಹತ್ತಿರ ವೇದಗಂಗೆ ಉಕ್ಕಿ ಹೆದ್ದಾರಿ ಮುಳುಗಿದಾಗ ನೀರಿನಲ್ಲಿ ನಿಂತ ಲಾರಿಗಳಿಗೆ ಎರಡೂ ರಾಜ್ಯದ ನಂಬರು ಇದ್ದವು.

ಗಡಿಯ ಭಯ ಕನ್ನಡಿಗರಿಗೇ ಮಾಡಿದ ನಷ್ಟವನ್ನೂ ನೋಡಬೇಕು. ಬೆಳಗಾವಿ ಜಿಲ್ಲೆಯಲ್ಲಿ ಈಗ 15 ತಾಲೂಕು, 18 ವಿಧಾನಸಭಾ ಕ್ಷೇತ್ರ. 2011ರಲ್ಲೇ ಜನಸಂಖ್ಯೆ 47 ಲಕ್ಷ ದಾಟಿತ್ತು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ ಮುಂತಾದ ಏಳು ಹೊಸ ಜಿಲ್ಲೆ ಮಾಡಿತು. ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನೂ ಘೋಷಿಸಿ ಆಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಜಿಲ್ಲೆ ಒಡೆದರೆ ಉಳಿದ ಬೆಳಗಾವಿಯಲ್ಲಿ ಕನ್ನಡಿಗರ ಪ್ರಮಾಣ ಇಳಿಯುತ್ತದೆ, ಮಹಾರಾಷ್ಟ್ರದ ವಾದಕ್ಕೆ ಬಲ ಬರುತ್ತದೆ ಎಂದು ಕನ್ನಡ ಸಂಘಟನೆಗಳೇ ವಿರೋಧಿಸಿದವು. ಅಂದರೆ ಅಥಣಿಯ, ರಾಯಬಾಗದ, ಕಾಗವಾಡದ ಕನ್ನಡಿಗ ಬೆಳಗಾವಿಯ ಅಂಕಿಸಂಖ್ಯೆಗೆ ಒತ್ತೆಯಾಳು. ಅಥಣಿಯ ರೈತ ಜಿಲ್ಲಾಧಿಕಾರಿಗೆ ಒಂದು ಅರ್ಜಿ ಕೊಡಲು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ತಮಾಷೆ ನೋಡಿ: ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಚಿಕ್ಕೋಡಿ ಒಂದು ಜಿಲ್ಲೆ. ಲೋಕಸಭೆ ಚುನಾವಣೆ ಬಂದಾಗ ಚಿಕ್ಕೋಡಿ ಒಂದು ಕ್ಷೇತ್ರ. ಮಕ್ಕಳನ್ನು ಎಣಿಸಲು, ಮತ ಎಣಿಸಲು ಅದು ಬೇರೆ. ಜನರ ಕೆಲಸ ಮಾಡಿಕೊಡಲು ಮಾತ್ರ ಬೇರೆ ಅಲ್ಲ. ಮರಾಠಿಗರನ್ನು ಸಂಶಯದಿಂದ ನೋಡುತ್ತ ಕೂತದ್ದರ ಬಾಡಿಗೆಯನ್ನು ಕನ್ನಡಿಗರೇ ಕಟ್ಟುತ್ತಿದ್ದಾರೆ.

ಇನ್ನೊಂದು ಕನ್ನಡಿ ಇದೆ, ಅದರಲ್ಲೂ ಮುಖ ನೋಡಿಕೊಳ್ಳೋಣ. 2022ರ ಕೊನೆಯಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಮಾತು ದೊಡ್ಡದಾಯಿತು. ಕರ್ನಾಟಕಕ್ಕೆ ಸೇರುತ್ತೇವೆ ಎಂದು ಅಲ್ಲಿನ ಪಂಚಾಯಿತಿಗಳು ಹಿಂದೆ ಠರಾವು ಮಾಡಿದ್ದನ್ನು ನಮ್ಮ ಮುಖ್ಯಮಂತ್ರಿ ಎತ್ತಿ ಹಿಡಿದರು. ಆ ಠರಾವಿನ ಹಿಂದೆ ಇದ್ದದ್ದು ಕುಡಿಯುವ ನೀರು. ನೀರು ಕೊಡದ ಸರ್ಕಾರದ ಮೇಲಿನ ಸಿಟ್ಟು ಗಡಿಯ ಮಾತಾಗಿ ಹೊರಬಂದಿತ್ತು. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗೆ ಮಾಸ್ತರು ಕೊಡಿ, ಕನ್ನಡದಲ್ಲಿ ಪುಸ್ತಕ ಕೊಡಿ, ಕಾಸರಗೋಡಿನಲ್ಲಿ ಕನ್ನಡದಲ್ಲಿ ಅರ್ಜಿ ತೆಗೆದುಕೊಳ್ಳಿ ಎಂದು ನಾವು ಕೇಳುತ್ತೇವೆ. ಕೇಳಬೇಕು. ಮಗುವಿಗೆ ತಾಯಿಮಾತಿನಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಒಂದು ಪ್ರದೇಶದಲ್ಲಿ ಶೇಕಡಾ 15ರಷ್ಟು ಜನ ಬೇರೆ ಭಾಷೆಯವರಿದ್ದರೆ ಮುಖ್ಯ ನಿಯಮ, ಪ್ರಕಟಣೆಗಳು ಅವರ ಭಾಷೆಯಲ್ಲೂ ಸಿಗಬೇಕು ಎಂದು ರಾಜ್ಯಗಳು ಒಪ್ಪಿಕೊಂಡು ಆರು ದಶಕ ಕಳೆದಿವೆ. ಈ ಮಾತನ್ನು ಜತ್ತದಲ್ಲಿ ಹಕ್ಕು ಎಂದೂ ನಿಪ್ಪಾಣಿಯಲ್ಲಿ ಉದ್ಧಟತನ ಎಂದೂ ಕರೆದರೆ ನಮ್ಮ ಮಾತಿಗೆ ತೂಕ ಎಲ್ಲಿಂದ ಬರಬೇಕು? ಕಾಸರಗೋಡಿನ ಕನ್ನಡಿಗನ ಕೈ ಬಲಪಡಿಸುವ ಸುಲಭ ದಾರಿ ನಿಪ್ಪಾಣಿಯ ಮರಾಠಿಗನನ್ನು ಚೆನ್ನಾಗಿ ನಡೆಸಿಕೊಳ್ಳುವುದು.

ಹೀಗೆ ನಡೆಸಿಕೊಳ್ಳಲು ಆಗುವುದಿಲ್ಲವೇ? ಆಗುತ್ತದೆ ಎಂಬುದಕ್ಕೆ ಕಾಲಡಿಯಲ್ಲೇ ಸಾಕ್ಷಿ ಇದೆ. ಕೊಲ್ಹಾಪುರಿ ಚಪ್ಪಲಿ ಎಂದು ಮಾರಾಟವಾಗುವ ಚಪ್ಪಲಿಯಲ್ಲಿ ದೊಡ್ಡ ಪಾಲು ತಯಾರಾಗುವುದು ಅಥಣಿ, ನಿಪ್ಪಾಣಿ, ರಾಯಬಾಗದ ಕಡೆ. ಚರ್ಮ ಹದ ಮಾಡಿ, ಹೊಲಿದು, ಎಣ್ಣೆ ಹಚ್ಚುವ ಸಮಗಾರ ಕುಟುಂಬಗಳಲ್ಲಿ ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಭೌಗೋಳಿಕ ಗುರುತಿನ ಅರ್ಜಿ ಹಾಕುವಾಗ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳು ಒಟ್ಟಿಗೆ ಹಾಕಿದವು. 2019ರಲ್ಲಿ ಗುರುತು ಸಿಕ್ಕಿತು: ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ನಮೂನೆಯ ಚಪ್ಪಲಿ ತೋರಿಸಿ ಗದ್ದಲವಾದಾಗ ಎರಡೂ ಕಡೆಯ ಕುಶಲಕರ್ಮಿಗಳಿಗೆ ಆ ಜಂಟಿ ಗುರುತೇ ಆಸರೆಯಾಯಿತು. ಸಮಗಾರರ ಚಪ್ಪಲಿಗೆ ಸಾಧ್ಯವಾದ ಜಂಟಿ ಒಡೆತನ ರೈತರ ಹುತಾತ್ಮ ದಿನಕ್ಕೆ, ಮೋರೆಯವರ ಕಥೆಗೆ, ಅಂಬೇಡ್ಕರ್ ಪರಿಷತ್ತಿಗೆ ಯಾಕೆ ಸಾಧ್ಯವಿಲ್ಲ?

ಬರಿ ಬೈದು ಎದ್ದು ಹೋಗುವುದು ಸರಿಯಲ್ಲ. ಆದ್ದರಿಂದ ಕೇಳಬೇಕಾದದ್ದನ್ನು ಕೇಳುತ್ತೇನೆ. ಇದಕ್ಕೆ ಸುಪ್ರೀಂ ಕೋರ್ಟಿನ ತೀರ್ಪು ಬೇಕಿಲ್ಲ, ಕೋಟಿಗಟ್ಟಲೆ ಹಣವೂ ಬೇಕಿಲ್ಲ. ಒಂದು, ಜುಲೈ 21ರಂತೆ ಏಪ್ರಿಲ್ 6 ಕೂಡ ಕರ್ನಾಟಕದ ರೈತರ ದಿನವಾಗಲಿ. ರೈತ ಸಂಘದ ಹಸಿರು ಶಾಲು ಆ ದಿನ ನಿಪ್ಪಾಣಿಗೆ ಹೋಗಲಿ, ಸತ್ತವರ ಹೆಸರನ್ನು ಕನ್ನಡದಲ್ಲಿಯೂ ಓದಲಿ. ಎರಡು, ಮಹಾದೇವ ಮೋರೆಯವರ ಬರಹದ ಒಂದು ಒಳ್ಳೆಯ ಸಂಪುಟ ಕನ್ನಡದಲ್ಲಿ ಎಲ್ಲ ಪುಸ್ತಕದಂಗಡಿಗಳಲ್ಲಿ ಸಿಗುವಂತಾಗಲಿ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅನುವಾದಕ್ಕೆಂದೇ ಇರುವ ಪ್ರಾಧಿಕಾರ ಎರಡೂ ನಮ್ಮಲ್ಲಿವೆ. ಮೂರು, ‘ತಂಬಾಕೂ ಚಾಕಿಲಾ ಊಬ್ ಆಲಿ’ಗೆ ಕನ್ನಡದ ಅಡಿಬರಹ ಹಾಕಿ ಪ್ರತಿ ಕಾಲೇಜಿನಲ್ಲಿ ತೋರಿಸಲಿ. ನಾಲ್ಕು, ನಿಪ್ಪಾಣಿಯ ನಗರಸಭೆಯ, ತಹಶೀಲ್ದಾರರ ಅರ್ಜಿ ನಮೂನೆಗಳಲ್ಲಿ ಕನ್ನಡದ ಕೆಳಗೆ ಮರಾಠಿಯೂ ಇರಲಿ. ಅದರ ಜೊತೆಗೇ ಮರಾಠಿ ಶಾಲೆಯ ಮಕ್ಕಳಿಗೆ ಕನ್ನಡವನ್ನು ನೌಕರಿಗೆ ಸಾಕಾಗುವಷ್ಟು ಚೆನ್ನಾಗಿ ಕಲಿಸುವ ಮಾಸ್ತರರನ್ನು ಕೊಡಲಿ. ಐದು, ಚಿಕ್ಕೋಡಿ ಜಿಲ್ಲೆಯನ್ನು ಜನರ ಅನುಕೂಲದ ಲೆಕ್ಕದಲ್ಲಿ ತೀರ್ಮಾನಿಸಲಿ, ಭಯದ ಲೆಕ್ಕದಲ್ಲಿ ಬೇಡ.

ಇಷ್ಟು ಮಾಡಿದರೆ ಕರಾಳ ದಿನದ ಮೆರವಣಿಗೆ ನಿಂತುಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ರಾಜಕಾರಣಕ್ಕೆ ಮೆರವಣಿಗೆ ಬೇಕು, ಅದು ಇರುತ್ತದೆ. ಆದರೆ ಏಪ್ರಿಲ್ 6ರಂದು ಅಪ್ಪನನ್ನು ಕಳೆದುಕೊಂಡ ಮನೆಯ ಮುದುಕಿಯೊಬ್ಬಳಿಗೆ ತನ್ನ ರಾಜ್ಯ ತನ್ನ ಅಪ್ಪನ ಹೆಸರು ಹೇಳಿತು ಎನಿಸಿದರೆ, ‘ನಿಪ್ಪಾಣಿ ನಮ್ಮದು’ ಎಂಬ ಮಾತಿಗೆ ಮೊದಲ ಬಾರಿ ಅರ್ಥ ಬರುತ್ತದೆ. ಅಲ್ಲಿಯವರೆಗೆ ಅದು ಆಸ್ತಿ ಪತ್ರದ ಮೇಲಿನ ಸಹಿ. ಮಹಾಜನ ವರದಿಯೇ ಅಂತಿಮ ಎಂದು ನಾಳೆ ಯಾರಾದರೂ ಕೂಗಿದರೆ ಒಂದೇ ಪ್ರಶ್ನೆ ಕೇಳಿ: ಹಾಗಾದರೆ ನಿಪ್ಪಾಣಿಯನ್ನು ಯಾವತ್ತು ಬಿಟ್ಟುಕೊಡುತ್ತೀರಿ? ಬಿಡುವುದಿಲ್ಲ ಎಂದರೆ ಇನ್ನೊಂದು ಪ್ರಶ್ನೆ: ಹಾಗಾದರೆ ಯಾವತ್ತು ಅದನ್ನು ಓದುತ್ತೀರಿ?